ಉಳ್ಳಾಗಡ್ಡಿಗೆ ಯಾವ ಅಕ್ಷರ?

ಅಕ್ಕೋರನ್ನ ಕೇಳ್ರಿ: ಓದುಗರ ಪ್ರಶ್ನೆಗೆ ಧಾರವಾಡದ ನಿವೃತ್ತ ಶಿಕ್ಷಕಿಯ ಉತ್ತರ

ಹೋದ ಸಂಚಿಕ್ಯಾಗ ಖಾಲಿ ಕಡ್ಡಿಪೆಟ್ಟಿಗಿಯಿಂದ ಅಕ್ಷರದ ರೈಲು ಮಾಡೂದನ್ನ ನಾಕು ಸಾಲಿನಾಗ ಬರದಿದ್ದೆ. ಅದಕ್ಕ ಇಷ್ಟು ಪತ್ರ ಬರತಾವ ಅಂತ ಅಂದ್ಕೊಂಡಿರಲಿಲ್ಲ. ಹಿಂಗಾಗಿ ಈ ಸಲ ಪೂರಾ ಅಕ್ಷರ, ಉಲಿ, ರಟ್ಟು, ಕತ್ರಿ. ಮಗ್ಗಿ ಬಗ್ಗೆ ಕೇಳಿದ ಗಜೇಂದ್ರಗಡದವರು ಮುಂದಿನ ತಿಂಗಳ ತನಕ ತಡಕೋಬೇಕು.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಗೋಡೆಗೆ ಹಚ್ಚಿದ ವರ್ಣಮಾಲೆ ಪಟ ನೋಡಿ ಅ ದಿಂದ ಳ ವರೆಗೆ ಪಟಪಟ ಹೇಳುತ್ತಾಳೆ. ಆದರೆ ಬೇರೆ ಕಡೆ 'ಗ' ಬರೆದು ತೋರಿಸಿದರೆ ಗೊತ್ತಾಗುವುದಿಲ್ಲ. 'ಸರ' ಓದು ಅಂದರೆ ನನ್ನ ಮುಖ ನೋಡುತ್ತಾಳೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಕ್ಷರಗಳ ಸೆಟ್ ತರಲೇ?
(ಒಬ್ಬ ತಾಯಿ, ಕುಂದಗೋಳ)

ತರಬ್ಯಾಡ ತಂಗೆವ್ವಾ. ಮೊದಲ ಆ ಪಟಾನ ಸುತ್ತಿ ಒಂದು ತಿಂಗಳ ಅಟ್ಟದ ಮ್ಯಾಲ ಇಡು. ನಿನ್ನ ಮಗಳು ಓದಾಕತ್ತಿಲ್ಲ, ಹಾಡಾಕತ್ತಾಳ. ನಲವತ್ತೊಂಬತ್ತು ಉಲಿಯ ಉದ್ದನ್ನ ಹಾಡು ಅದು. ನಡುವಿನದೊಂದು ಕಿತ್ತು ಕೈಯಾಗ ಕೊಟ್ಟು 'ಇದು ಯಾವುದು' ಅಂದ್ರ ಆಕಿ ಏನು ಮಾಡ್ಯಾಳು? ನೀ ಹದಿನೇಳರ ಮಗ್ಗಿಯನ್ನ ಆರರಿಂದ ಹಿಂದಕ್ಕ ಹೇಳು ನೋಡೋಣ.

ಪಟದ ಮ್ಯಾಲ ನನಗ ಇನ್ನೊಂದು ಸಿಟ್ಟೈತಿ. ನಾನು ನೌಕರಿಗೆ ಸೇರಿದ ಹೊಸತು, ನವಲಗುಂದ ತಾಲ್ಲೂಕಿನ ಒಂದು ಹಳ್ಳಿ ಶಾಲಿ. ಪಟದಾಗ 'ಈ' ಅಕ್ಷರದ ಮುಂದ ಕೆಂಪನ್ನ ಈರುಳ್ಳಿ ಚಿತ್ರ. ಒಂದನೇತ್ತದ ಹುಡುಗನ್ನ ಎಬ್ಬಿಸಿ, "ಇದು ಏನೋ?" ಅಂದೆ. "ಉಳ್ಳಾಗಡ್ಡಿ ರೀ." "ಹಂಗಾದ್ರ ಯಾವ ಅಕ್ಷರ?" "ಉ ರೀ, ಅಕ್ಕೋರ." ತಪ್ಪು ಅಂದೆ. ಅವ ಮಾರಿ ಸಣ್ಣದು ಮಾಡಿಕೊಂಡು ಕುಂತ. ರಾತ್ರಿ ರೊಟ್ಟಿ ಜೋಡಿ ಉಳ್ಳಾಗಡ್ಡಿ ಹೆಚ್ಚುವಾಗ ನನಗ ಹೊಳೀತು. ಹುಡುಗ ಚಿತ್ರದ ಹೆಸರು ಸರಿಯಾಗಿ ಹೇಳಿದ, ಹೆಸರಿನ ಮೊದಲನೇ ಉಲಿ ಸರಿಯಾಗಿ ಹಿಡದ. ಆ ವಯಸ್ಸಿನಾಗ ಅದಕ್ಕಿಂತ ದೊಡ್ಡ ಪಾಸು ಇಲ್ಲ. ನಪಾಸಾದವಳು ನಾನು. ಮರುದಿನ ಅವನ್ನ ಎಬ್ಬಿಸಿ "ನಿಂದ ಖರೇ ಐತೆಪಾ" ಅಂದೆ. ಅವಗ ಮರತಾ ಹೋಗಿತ್ತು.

ಆಮ್ಯಾಲ ಪಟಾನ ಒಂದೊಂದೇ ಪರೀಕ್ಷಾ ಮಾಡಿದೆ. ಏಣಿ ಚಿತ್ರಕ್ಕ ಹುಡುಗರು 'ನಿಚ್ಚಣಿಕಿ' ಅಂದರು. ಹಸುವಿಗೆ 'ಆಕಳ'. ಕಡಲೆಕಾಯಿಗೆ 'ಶೇಂಗಾ'. ಔಷಧಕ್ಕ 'ಗುಳಿಗಿ'. ಗಡ್ಡದ ಋಷಿ ಅಂತೂ 'ನಮ್ಮ ಅಜ್ಜ'. ನಮ್ಮ ಕಡೆ ಕೂಸಿಗೆ ಆ ಪಟ ಅರ್ಧ ಪರದೇಶಿ.

ಅದಕ್ಕ ಪಟ ನೀನ ಮಾಡು, ನಿಮ್ಮ ಮನಿ ಮಾತಿನಿಂದ. ಉ ಅಂದ್ರ ಉಳ್ಳಾಗಡ್ಡಿ, ಆ ಅಂದ್ರ ಆಕಳ, ಶೇ ಅಂದ್ರ ಶೇಂಗಾ. ಆದ್ರ ಇದನ್ನ ಬರಿಯೂದಕ್ಕಿಂತ ಮೊದಲ ಒಂದು ವಾರ ಅಕ್ಷರಾನ ತೋರಿಸಬ್ಯಾಡ. ಬರೇ ಕಿವಿ ಆಟ. ಕುಡಿಯೂ ನೀರಿನ ಬಾಟಲಿ ಮುಚ್ಚಳ ಒಂದು ಇಪ್ಪತ್ತೈದು ಕೂಡಿಸು. ಖಾನಾವಳಿಯವರು ಪುಕ್ಕಟೆ ಕೊಡತಾರ. ಬುಟ್ಟ್ಯಾಗಿಂದ ಒಂದು ಸಾಮಾನ ತಗೀ, ಹೆಸರು ಹೇಳಿ ಚಪ್ಪಾಳಿ ತಟ್ಟು. ಶೇಂ-ಗಾ, ಎರಡು. ಉ-ಳ್ಳಾ-ಗ-ಡ್ಡಿ, ನಾಕು. ಬ-ದ-ನಿ-ಕಾ-ಯಿ, ಐದು. ಒಂದು ಚಪ್ಪಾಳಿಗೆ ಒಂದು ಮುಚ್ಚಳ ಸಾಲಾಗಿ ಇಡಲಿ. ಆಮ್ಯಾಲ ಮೊದಲನೇ ಮುಚ್ಚಳ ಮುಟ್ಟಿ "ಇದು ಏನಂತತಿ?" ಅಂತ ಕೇಳು. ಕಡೀ ಮುಚ್ಚಳ ಏನಂತತಿ? ನಡುವಿನದು ತಗದ್ರ ಏನು ಉಳೀತು? ಬದನಿಕಾಯಿಯ ಮೊದಲಿನ ಮೂರು ಮುಚ್ಚಳ ತಗದ್ರ 'ಕಾಯಿ' ಉಳಿತೈತಿ. ಅದು ಗೊತ್ತಾದ ದಿನ ಹುಡುಗರು ಕುಣೀತಾವ, ನಾ ನೋಡೀನಿ.

ಇಲ್ಲೊಂದು ಸೂಕ್ಷ್ಮ ಐತಿ. ಸಾಬೂನು ತೋರಿಸಿದ್ರ ಆಕಿ 'ಸಾ' ಅಂತಾಳ, 'ಸ' ಅನ್ನೂದಿಲ್ಲ. ಅದು ಸರಿನ, ತಿದ್ದಬ್ಯಾಡ. ಮೊದಮೊದಲ ನಿನಗ 'ಸ' ಬೇಕಂದ್ರ ಸಕ್ಕರಿ, ಸರ ಆರಿಸು. 'ಗ'ಕ್ಕ ಗಡಗಿ, ಗಜ್ಜರಿ. 'ರ'ಕ್ಕ ರವಾ, ರಬ್ಬರ. 'ಅ'ಕ್ಕ ಅಕ್ಕಿ, ಅಂಗಿ, ಅರಿಷಿಣ. ಸಾ, ಸೂ, ಸೇ ಎಲ್ಲಾ ಕಾಗುಣಿತದಾಗ ತಾವ ಬರತಾವ.

ಎರಡನೇ ವಾರ ಮುಚ್ಚಳದ ಮ್ಯಾಲ ಅಕ್ಷರ ಬರಿ. ಅಳಿಸಲಾರದ ಮಾರ್ಕರ್ ಪೆನ್ ಬೇಕು, ಬರೇ ಸ್ಕೆಚ್ ಪೆನ್ ಬೆವರಿಗೆ ಒರಸಿ ಹೋಗತೈತಿ. ಎಲ್ಲಾ ಅಕ್ಷರ ಒಮ್ಮೆಲೆ ಬ್ಯಾಡ. ರ, ಗ, ಸ, ದ, ಅ, ಐದ ಸಾಕು. ಈ ಕ್ರಮ ನಂದಲ್ಲ. 1995ರಾಗ ಮೈಸೂರು ಜಿಲ್ಲಾದ ಎಚ್.ಡಿ. ಕೋಟ್ಯಾಗ ಶುರುವಾಗಿ 2009-10ಕ್ಕ ರಾಜ್ಯದ ಎಲ್ಲಾ ಸರಕಾರಿ ಕನ್ನಡ ಶಾಲಿಗೆ ಬಂದ 'ನಲಿ-ಕಲಿ' ಅನ್ನೂ ಕಲಿಸೂ ಪದ್ಧತಿಯೊಳಗ ಹಿಂಗ ಕಲಿಸಿದ್ವಿ. ಅ ಆ ಇ ಈ ಬಿಟ್ಟು ಇದೇನು ರಗಸದ ಅಂತ ಮೊದಲ ನಾನೂ ಮೂಗು ಮುರದಾಕಿನ. ಆದ್ರ ನೋಡು, ಸ್ವರ ಹದಿಮೂರೂ ಕಲಿತರ ಓದಾಕ ಎಷ್ಟು ಶಬ್ದ ಸಿಗತಾವ? ಇಲ್ಲಿ ಐದ ಅಕ್ಷರಕ್ಕ ಸರ, ರಸ, ದರ, ಅರಸ, ಅಗಸ, ಗರಗಸ. ಮುಂದಿನ ಐದು ಜ, ವ, ಮ, ಬ, ನ ಬಂದ್ರ ಮರ, ಮಗ, ಜನ, ದನ, ಬಸವ. ಕುಂದಗೋಳದಾಗ ಬಸವ ಗೊತ್ತಿಲ್ಲದ ಕೂಸು ಎಲ್ಲೈತಿ? ಒಂದೊಂದು ಅಕ್ಷರ ಮೂರು ಮೂರು ಮುಚ್ಚಳದ ಮ್ಯಾಲ ಬರಿ. ಗರಗಸಕ್ಕ ಎರಡು 'ಗ' ಬೇಕಾಗತಾವ, ಒಂದ ಇದ್ರ ಹುಡುಗರು ಜಗಳಾಡತಾವ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಒಂದನೇ ತರಗತಿಗೆ ಹೋಗುವ ನನ್ನ ಮಗನಿಗಾಗಿ ರಟ್ಟಿನ ಕಾಗುಣಿತ ಚಕ್ರ ಮಾಡಿದೆ. ಒಳಚಕ್ರದಲ್ಲಿ ಕ, ಗ, ತ, ಹೊರಚಕ್ರದಲ್ಲಿ ಚಿಹ್ನೆಗಳು. ತಿರುಗಿಸಿದರೆ 'ಕಾ' ಸರಿ ಕಾಣುವುದಿಲ್ಲ, 'ಕಿ' ಅಂತೂ ಎರಡು ತಲೆಯ ಪ್ರಾಣಿ ಹಾಗೆ ಕಾಣುತ್ತದೆ. ಎಲ್ಲಿ ತಪ್ಪಿದೆ?
(ಬ್ಯಾಡಗಿ)

ನೀವು ತಪ್ಪಿಲ್ಲ. ನಾನೂ ಇದೇ ಚಕ್ರ ಮಾಡಿ, ಒಂದು ಇಡೀ ದೀಪಾವಳಿ ಸೂಟಿ ಹಾಳು ಮಾಡಿಕೊಂಡಾಕಿ. ನಡುವ ಅಂಗಿ ಗುಂಡಿ ಹೊಲದು ಚಂದ ತಿರುಗೂ ಹಂಗ ಮಾಡಿದ್ದೆ. ತಿರುಗಿತು, ಓದಾಕ ಬರಲಿಲ್ಲ.

ಗುಟ್ಟು ತಲೆಕಟ್ಟಿನಾಗ ಐತಿ. 'ಕ' ಅಂತ ನಾವು ಬರಿಯೂದರಾಗ ಎರಡು ತುಂಡು ಅದಾವ: ಕೆಳಗಿನ ಮೈ, ಮ್ಯಾಲಿನ ತಲೆಕಟ್ಟು. 'ಕಾ' ಆಗುವಾಗ ತಲೆಕಟ್ಟಿನ ತುದಿ ಬಲಕ್ಕ ಇಳಿತೈತಿ. 'ಕಿ' ಆಗುವಾಗ ತಲೆಕಟ್ಟು ಹೋಗಿ ಗುಂಡನ್ನ ಗುಡಿಸು ಕೂಡತೈತಿ. 'ಕೆ', 'ಕೊ', 'ಕೌ' ಇವಕ್ಕೂ ಹಂಗ, ಮ್ಯಾಲಿನದು ಬದಲಿ. ಆದ್ರ 'ಕು', 'ಕೂ', 'ಕೃ', 'ಕಂ' ಒಳಗ ತಲೆಕಟ್ಟು ಅಳ್ಳಾಡೂದಿಲ್ಲ, ಬಾಜೂಕ ಇಲ್ಲಾ ಕೆಳಗ ಹೊಸಾದು ಬಂದು ಕೂಡತೈತಿ. ನಿಮ್ಮ ಚಕ್ರದಾಗ ತಲೆಕಟ್ಟು ಇದ್ದ 'ಕ'ದ ಮ್ಯಾಲ ಮತ್ತ ಗುಡಿಸು ಬಂತು. ಒಬ್ಬನ ತಲಿಗೆ ಎರಡು ರುಮಾಲು ಸುತ್ತಿಧಂಗ ಆತು.

ನಾನು ಆಮ್ಯಾಲ ಮಾಡಿದ್ದು ಇದು. ಹಳೇ ಲಗ್ನಪತ್ರಿಕಿ ತಗೋರಿ, ಅದರ ರಟ್ಟು ಗಟ್ಟಿ ಇರತೈತಿ. ತಲೆಕಟ್ಟು ಇಲ್ಲದ ಬೋಳು ಮೈ ಅಂಗೈ ಅಗಲ ಕತ್ತರಿಸ್ರಿ: ಕ, ಗ, ತ, ನ, ರ, ಸ. ಬ್ಯಾರೆ ಬಣ್ಣದ ರಟ್ಟಿನಾಗ ರುಮಾಲು ಕತ್ತರಿಸ್ರಿ: ಒಂದು ತಲೆಕಟ್ಟು, ಒಂದು ಇಳಿ, ಒಂದು ಗುಡಿಸು, 'ಕೆ'ಕ್ಕ ಬರೂ ಏತ್ವ ಒಂದು. 'ಕು'ಕ್ಕ ಬರೂ ಕೊಂಬು ಮೂರನೇ ಬಣ್ಣ. ಮಗ ನೆಲದ ಮ್ಯಾಲ ಮೈ ಇಟ್ಟು ರುಮಾಲು ಬದಲಿ ಮಾಡತಾ ಹೋಗಲಿ, ಬಾಯಿಲೆ ಹೇಳತಾ ಹೋಗಲಿ. "ಕಕ್ಕ ತಲೆಕಟ್ಟು ಕ, ಕಕ್ಕ ಇಳಿ ಕಾ, ಕಕ್ಕ ಗುಡಿಸು ಕಿ" ಅಂತ ನಮ್ಮ ಹಿರಿಯರು ಹಾಡಿಸಿದ್ದು ಸುಮ್ಮನ ಅಲ್ಲ. ಆ ಹೆಸರುಗಳೊಳಗ ಆಕಾರ ಐತಿ, ಇಳಿ ಅಂದ್ರ ಖರೇನ ಇಳದಿರತೈತಿ. ಈಗಿನ ಶಾಲ್ಯಾಗ ಈ ಹೆಸರು ಬಿಟ್ಟಾರ ಅಂತ ನನಗ ಕೆಟ್ಟನಸ್ತೈತಿ.

ಇನ್ನ ಕೆಲವು ಅಕ್ಷರ ಹುಟ್ಟಾ ಬರಿತಲಿಯವು: ಖ, ಜ, ಟ, ಣ, ಬ, ಲ. ಇವಕ್ಕ ತಲೆಕಟ್ಟು ಬೇಕಾಗಿಲ್ಲ, ಇವನ್ನ ಎರಡನೇ ಸುತ್ತಿಗೆ ಇಟ್ಟುಕೋರಿ. 'ಪು', 'ವು' ಬರೂ ಹೊತ್ತಿಗೆ ಕೊಂಬು ಬಲಕ್ಕ ನಿಲ್ಲದ ಕೆಳಗ ಇಳಿತೈತಿ, ಅದನ್ನ ಮಗಾನ ಕಂಡುಹಿಡೀಲಿ. ಮ, ಯ ಹಟಮಾರಿ, ಕಡೀಕ ಇಡ್ರಿ.

ರಟ್ಟು ಬ್ಯಾಸರಾದ ದಿನ ಕಣಕ ಕೊಡ್ರಿ. ಜೋಳದ ಹಿಟ್ಟು ಮಾತ್ರ ಬ್ಯಾಡ, ಅದಕ್ಕ ಜಿಗಿ ಇಲ್ಲ, ಹಾವಿನಂಗ ಹೊಸೆದ್ರ ಬಿರಿತೈತಿ. ಗೋಧಿ ಹಿಟ್ಟು ಚಲೋ. ಮಣ್ಣೆತ್ತಿನ ಅಮಾಸಿ ದಿನ ಎತ್ತು ಮಾಡಿ ಉಳಿದ ಎರೀಮಣ್ಣಿನಾಗ ನಮ್ಮ ಹುಡುಗರು 'ಎ' ಮಾಡಿ ಎತ್ತಿನ ಮುಂದ ನಿಲ್ಲಿಸತಿದ್ದರು. ಒಣಗಿದ ಮ್ಯಾಲ ಎರೀಮಣ್ಣು ಸೀಳತೈತಿ, ಅದಕ್ಕ ಅವರು ಅಳತಿದ್ದರು, ಅದು ಬ್ಯಾರೆ ಮಾತು.

ಪ್ರಶ್ನೆ: ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತೇನೆ. ಕಟಿಂಗ್ ಆದ ಮೇಲೆ ಉಳಿಯುವ ದಪ್ಪ ಕಾಗದದ ಪಟ್ಟಿಗಳನ್ನು ತಂದು ಮಗನಿಗೆ ಶಬ್ದದ ಕಾರ್ಡು ಮಾಡುತ್ತಿದ್ದೇನೆ. 'ಮನೆ', 'ಆನೆ', 'ಶಾಲೆ' ಎಂದು ಬರೆದರೆ ಅವನು 'ಮನಿ', 'ಆನಿ', 'ಶಾಲಿ' ಎಂದೇ ಓದುತ್ತಾನೆ. ತಿದ್ದಬೇಕೇ?
(ಗದಗ-ಬೆಟಗೇರಿ)

ಮುದ್ರಣಕ್ಕ ಹೆಸರಾದ ಊರಾಗ ಕೂತು ರಟ್ಟಿನ ಚಿಂತಿ ಇಲ್ಲ ನಿಮಗ, ಪುಣ್ಯವಂತರು. ಹೊಸ ಕಾಗದದ ಅಂಚು ಬೆರಳು ಕೊಯ್ತೈತಿ, ಮೂಲಿ ಗುಂಡಗ ಕತ್ತರಿಸಿ ಕೊಡ್ರಿ.

ನಿಮ್ಮ ಮಗ ಚಿತ್ರ ನೋಡಿ ಹೇಳಾಕತ್ತಾನೋ, ಅಕ್ಷರ ನೋಡಿ ಹೇಳಾಕತ್ತಾನೋ, ಮೊದಲ ಅದನ್ನ ತಿಳಕೋರಿ. ಚಿತ್ರ ನೋಡಿ 'ಆನಿ' ಅಂದ್ರ ಅದು ಅವನ ಭಾಷಾ, ಬಾಯಿಗೆ ಕೈ ಹಚ್ಚಬ್ಯಾಡ್ರಿ. ನೀವೂ ನಾನೂ ಮನ್ಯಾಗ 'ಆನೆ' ಅಂತೀವೇನು? ಆದ್ರ 'ನೆ' ಅನ್ನೂ ಅಕ್ಷರ ಮುಟ್ಟಿ 'ನಿ' ಅಂದ್ರ ಮಾತ್ರ ನಿಲ್ಲಿಸ್ರಿ. ನಾನು ಮಾಡಿದ ಉಪಾಯ: ಒಂದ ಕಾರ್ಡಿನ ಒಂದು ಮುಖಕ್ಕ 'ಮನಿ', ಹಿಂದ 'ಮನೆ'. 'ಮನಿ' ಕಡೆ ಅಜ್ಜಿ ಚಿತ್ರ, 'ಮನೆ' ಕಡೆ ಪುಸ್ತಕದ ಚಿತ್ರ. "ಅಜ್ಜಿ ಹೆಂಗಂತಾಳ? ಪುಸ್ತಕ ಹೆಂಗಂತತಿ?" ಹುಡುಗರು ಎರಡೂ ಧಾಟಿ ನಕ್ಕೋತ ಹೇಳತಾರ, ಗುಡಿಸಿಗೂ ಏತ್ವಕ್ಕೂ ಫರಕು ತಾನ ಕಾಣತೈತಿ. 'ಒಂಟೆ'ಗೆ 'ವಂಟಿ' ಅನ್ನೂದೂ ಇದ ಜಾತಿ.

ಪ್ರಶ್ನೆ: ಮೊಮ್ಮಗ ಇಂಗ್ಲಿಷ್ ಮಾಧ್ಯಮ, ಎಲ್‌ಕೆಜಿ. ಕನ್ನಡ ಅಕ್ಷರ ಅಂದರೆ ಓಡಿಹೋಗುತ್ತಾನೆ. ದಿನವಿಡೀ ಬಸ್ಸು, ಬಸ್ಸು. ಏನು ಮಾಡಲಿ?
(ಒಬ್ಬ ಅಜ್ಜ, ಹುಬ್ಬಳ್ಳಿ)

ಅಜ್ಜಾರ, ಬಸ್ಸ ಮಾಡ್ರಿ! ಬೂಟಿನ ಡಬ್ಬಿಗೆ ಕಿಟಕಿ ಕೊರೀರಿ, ಬಾಟಲಿ ಮುಚ್ಚಳದ ಗಾಲಿ, ಮ್ಯಾಲ ನಮ್ಮ ಹುಬ್ಬಳ್ಳಿ-ಧಾರವಾಡ ಬಸ್ಸಿನ ಹೆಸರು 'ಚಿಗರಿ' ಅಂತ ಬರೀರಿ. ಪಡಸಾಲ್ಯಾಗ ಖಡುವಿನಿಂದ ಉದ್ದಕ ದಾರಿ ಗೀಚಿ ನಿಲ್ದಾಣದ ಹಲಗಿ ಇಡ್ರಿ: ಸತ್ತೂರು, ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್, ವಿದ್ಯಾನಗರ, ಹೊಸೂರು. ಹಲಗಿ ಮ್ಯಾಲ ಪೂರಾ ಹೆಸರು ಬ್ಯಾಡ, ಮೊದಲನೇ ಅಕ್ಷರ ಸಾಕು. ಬಸ್ಸಿನಾಗ ಕೂತ ಪ್ರಯಾಣಿಕರು ಅಡಿಗಿಮನಿ ಸಾಮಾನು. ಸಕ್ಕರಿ ಪುಡಿಕಿ ಎಲ್ಲಿ ಇಳಿಬೇಕು? 'ಸ' ಅಂದ್ರ ಸತ್ತೂರು. ಉಳ್ಳಾಗಡ್ಡಿ ಉಣಕಲ್ಲಿಗೆ. ಪಾಪ, ಬಟಾಟಿ ಎಲ್ಲೂ ಇಳಿಯಾಂಗಿಲ್ಲ. ಅದಕ್ಕ ಟಿಕೆಟ್ ದಂಡ. ಭೈರಿದೇವರಕೊಪ್ಪದಾಗ ಯಾರಿಳಿತಾರ ಅಂತ ನೀವ ಹುಡುಕ್ರಿ. ನಿಲ್ದಾಣ ಬಂದಾಗ ಬಸ್ಸಿನ ಧ್ವನಿಯಂಗ ಘೋಷಣಾ ಮಾಡೂದು ಅಜ್ಜಾರ ಕೆಲಸ.

ಇಂಗ್ಲಿಷಿನ ಜೋಡಿ ಗೊಂದಲ ಆಗತೈತಿ ಅಂತ ಹೆದರಬ್ಯಾಡ್ರಿ. ಫರಕು ಒಂದ ನೆನಪಿಡ್ರಿ. ಕನ್ನಡದಾಗ ಅಕ್ಷರದ ಹೆಸರೂ ಉಲಿಯೂ ಒಂದ, 'ಕ' ಅಂದ್ರ 'ಕ'. ಅಲ್ಲಿ ಹಂಗಿಲ್ಲ, ಹೆಸರು 'ಸಿ', ಆದ್ರ 'ಕ್ಯಾಟ್'ನಾಗ ಅದು 'ಕ'. ಹೆಸರು 'ಡಬ್ಲ್ಯು', ಉಲಿ 'ವ'. ಶಾಲ್ಯಾಗ ಅವನಿಗೆ ಹೆಸರು ಕಲಿಸ್ಯಾರೋ, ಉಲಿ ಕಲಿಸ್ಯಾರೋ ಕೇಳ್ರಿ. ಕನ್ನಡದಾಗ ಕಿವಿ ಚುರುಕಾದ್ರ ಅದು ಅಲ್ಲೂ ದುಡಿತೈತಿ.

ಪ್ರಶ್ನೆ: ಮಕ್ಕಳು 'ಬ'-'ಭ', 'ದ'-'ಧ' ಒಂದೇ ಮಾಡುತ್ತಾರೆ. ಮಹಾಪ್ರಾಣಕ್ಕೆ ಏನಾದರೂ ಆಟ ಇದೆಯೇ?
(ಶಿಕ್ಷಕರು, ರಾಣೆಬೆನ್ನೂರು)

ಪತಂಗದ, ಅಂದ್ರ ಗಾಳಿಪಟದ, ತೆಳುವಾದ ಕಾಗದ, ಎರಡು ಬೆರಳ ಅಗಲ, ಒಂದು ಗೇಣು ಉದ್ದ. ಬಾಯಿ ಮುಂದ ಜೋತುಬಿಟ್ಟು 'ಕರಿ' ಅನಿಸ್ರಿ, ಕಾಗದ ಅಳ್ಳಾಡೂದು ಕಡಿಮಿ. 'ಖರೇ' ಅನಿಸ್ರಿ, ಹಾರತೈತಿ. ಖ, ಥ, ಛ ಇವಕ್ಕ ಚಲೋ ಹಾರತೈತಿ. ಘ, ಧ, ಭ ಅಷ್ಟು ಹಾರೂದಿಲ್ಲ, ಅಲ್ಲಿ ಅಂಗೈ ಬಾಯಿ ಮುಂದ ಹಿಡದು ಬಿಸಿ ಉಸಿರು ನೋಡಬೇಕು. 'ಫ' ಮಾತ್ರ ಈ ಆಟಕ್ಕ ತರಬ್ಯಾಡ್ರಿ, 'ಫ್ಯಾನ್' ಅಂದಂಗ ಹಲ್ಲು ತುಟಿ ಕೂಡಿಸಿ ಹೇಳೂ ರೂಢಿ ಬಿದ್ದೈತಿ. ಫೇಡಾನೋ ಪೇಡೆನೋ ಅಂತ ನಮ್ಮ ಮನ್ಯಾಗ ಇನ್ನೂ ಜಗಳ ಮುಗಿದಿಲ್ಲ.

ಮಹಾಪ್ರಾಣ ಪುಸ್ತಕದ ಸೊತ್ತು ಅಂತ ಹುಡುಗರಿಗೆ ಅನಿಸಬಾರದು. ನಮ್ಮ ಕಡೆ ಮಾತಿನಾಗ ಎಷ್ಟು ಅದಾವ ನೋಡ್ರಿ: ಭಾಳ, ಖರೇ, ಥಂಡಿ, ಖಣ, ಝುಣಕ, ಭಜಿ, ಛತ್ರಿ, ಧಾರವಾಡ. ಸಂತಿ ದಿನ ಮನಿಯವರ ಮಾತು ಕೇಳಿ ಇಂಥ ಐದು ಶಬ್ದ ಹಿಡಕೊಂಡು ಬಾ ಅಂತ ಕಳಸ್ರಿ. ನನ್ನ ತರಗತಿಯ ಒಬ್ಬಾಕಿ "ಅಪ್ಪ ಬೈದದ್ದು ಬರೀಲಿ ರೀ? ಅದರಾಗ ಮೂರು ಅದಾವ" ಅಂದಿದ್ದಳು.

ಪ್ರಶ್ನೆ: ಹುಣಸೆ ಬೀಜ, ಗುಂಡಿ ಜೋಡಿಸಿ ಅಕ್ಷರದ ಆಕಾರ ಮಾಡಿಸಬಹುದೇ? ಮನೆಯಲ್ಲಿ ಎರಡು ವರ್ಷದ ಚಿಕ್ಕವಳೂ ಇದ್ದಾಳೆ.
(ಲಕ್ಷ್ಮೇಶ್ವರ)

ಚಿಕ್ಕವಳು ಮಲಗಿದಾಗ ಮಾತ್ರ, ಆಟ ಮುಗಿದ ಮ್ಯಾಲ ಎಣಿಸಿ ತಗದಿಡ್ರಿ. ನನ್ನ ತಂಗಿ ಮಗ ಹುಣಸಿ ಬೀಜ ಮೂಗಿನಾಗ ಇಟ್ಟುಕೊಂಡಿದ್ದ. ಹೇಳಲಿಲ್ಲ. ಮೂಗಿನ ಹಸಿಗೆ ಬೀಜ ಉಬ್ಬಿ, ಮರುದಿನ ದವಾಖಾನ್ಯಾಗ ಮೂರು ಮಂದಿ ಹಿಡದು ತಗಸಬೇಕಾತು. ಆ ಬೀಜ ಅಳಗುಳಿ ಮಣಿ ಆಡಲಿ ಅಂತ ನಾನ ಕೊಟ್ಟದ್ದು. ಬೀಜದ ಬದಲಿ ಕೌದಿಗೆ ಉಳಿದ ಚಿಂದಿಯಿಂದ ದಪ್ಪ ಹೆಣಲು ಹೆಣದು ಕೊಡ್ರಿ, ಅದನ್ನ ನೆಲದ ಮ್ಯಾಲ ಬಳಸಿ ಅಕ್ಷರ ಮಾಡಲಿ. ನಮ್ಮ ಅಕ್ಷರ ಗುಂಡಗ ಇರೂದರಿಂದ ಹೆಣಲು ಚಲೋ ಬಾಗತೈತಿ. ಕಸೂತ್ಯಾಗ ಅಕ್ಷರ ಹಾಕ್ತೀನಿ ಅಂತ ನಾನು ಒಮ್ಮೆ ಕುಂತಿದ್ದೆ. ಎಳಿ ಎಣಿಸಿ ಹಾಕೂ ಹೊಲಿಗಿ ಅದು, 'ಠ' ಚೌಕ ಆಗಿ ಕುಂತಿತು.

ಪ್ರಶ್ನೆ: ಅಕ್ಕೋರ, ಙ ಮತ್ತ ಞ ಯಾವ ಆಟಕ್ಕೂ ಬರಾಂಗಿಲ್ಲ. ಅವು ಯಾಕ ಅದಾವ?
(ಎರಡನೇತ್ತ, ಅಣ್ಣಿಗೇರಿ. ಪೋಸ್ಟ್ ಕಾರ್ಡಿನಾಗ ಪೆನ್ಸಿಲ್‌ಲೆ ಬರದದ್ದು)

ತಮ್ಮಾ, ಈ ತಿಂಗಳ ಎಲ್ಲಾ ಪತ್ರದಾಗ ನಿಂದ ಚಲೋ ಪ್ರಶ್ನೆ. ಅವು ಆಟಕ್ಕ ಬರತಾವ, ಆದ್ರ ವೇಷ ಹಾಕಿಕೊಂಡು. ಒಂದು ಬಿಳೀ ಮುಚ್ಚಳದ ಮ್ಯಾಲ ಸೊನ್ನಿ ಬರಿ. ಈಗ 'ಅಂಗಿ' ಅನ್ನು, ಆದ್ರ 'ಗಿ' ಬರೂಕಿಂತ ಮೊದಲ ನಿಂತುಬಿಡು. ಮೂಗಿನಾಗ ಗುಂಯ್ ಅಂತು? ಅದ ಙ. 'ಅಂಚು' ಅಂತ ಹೇಳಿ 'ಚು'ಕ್ಕ ಮೊದಲ ನಿಲ್ಲು, ಅದು ಞ. 'ಅಂಟು' ಅಂದ್ರ ಣ, 'ಅಂದ' ಅಂದ್ರ ನ, 'ಅಂಬಲಿ' ಅಂದ್ರ ಮ. ಒಂದ ಸೊನ್ನಿ, ಐದು ದನಿ. ಹಿಂದಿನ ಕಾಲದಾಗ ಇವನ್ನ ಬಿಡಿಸಿ ಬರೀತಿದ್ದರು, ಈಗ ಎಲ್ಲಾದಕ್ಕೂ ಸೊನ್ನಿ ದುಡಿತೈತಿ, ಅದಕ್ಕ ಅವೆರಡು ನಿನಗ ಕಾಣೂದಿಲ್ಲ.

ಐದೂ ಶಬ್ದ ಸಾವಕಾಶ ಹೇಳಿ, ನಾಲಿಗಿ ಎಲ್ಲೆಲ್ಲಿ ಹೋತು ಅಂತ ನೋಡು. ಒಂದಕ್ಕ ಮಾತ್ರ ನಾಲಿಗಿ ಏನೂ ಕೆಲಸ ಮಾಡೂದಿಲ್ಲ, ಬ್ಯಾರೆ ಯಾರೋ ಮಾಡತಾರ. ಯಾವುದು ಅಂತ ಗೊತ್ತಾದ್ರ ಮತ್ತೊಂದು ಕಾರ್ಡ್ ಬರಿ.